ಮಾರಮ್ಮನ ಬಲಗಡೆಯ ಹೂವು

ಆ ಹೂವನ್ನು ಬೀಳಿಸಿದವನು ನಾನು. ತಾಯಿಯಲ್ಲ — ಅವಳ ಪೂಜಾರಿಯಾದ ನಾನು.

ಸ್ವಾತಂತ್ರ್ಯ ಬಂದ ಹೊಸತು. ಮಧುರೆ ಹೋಬಳಿಯ ನಮ್ಮೂರಲ್ಲಿ ಪಂಚಾಯ್ತಿಗೆ ಅಧ್ಯಕ್ಷರನ್ನು ಆರಿಸಬೇಕಿತ್ತು. ನಿಂತವರು ಇಬ್ಬರು: ಪಟೇಲರ ತಮ್ಮ ತಿಮ್ಮಯ್ಯ, ಇನ್ನೊಬ್ಬರು ಹುಸೇನ್ ಸಾಬರು. ಯುದ್ಧಕಾಲದ ರೇಷನ್ನಿನಲ್ಲಿ ಮನೆಮನೆಗೂ ರಾಗಿಯನ್ನು ನ್ಯಾಯವಾಗಿ ಹಂಚಿದವರು ಸಾಬರು. ಊರಿನ ಒಲವೆಲ್ಲ ಅವರ ಕಡೆಗೇ. ಅಬ್ಬಾ, ಎಂಥ ಊರು ನಮ್ಮದು! ಬೇರೆ ಕಡೆ ಜನ ಧರ್ಮ ಹಿಡಿದು ಬಡಿದಾಡುತ್ತಿದ್ದಾಗ ನಮ್ಮವರು ಮನುಷ್ಯನನ್ನು ನೋಡಿ ಆರಿಸಹೊರಟಿದ್ದರು. ಹೇಳಿಕೊಳ್ಳಲು ಇಂದಿಗೂ ನನಗೆ ಹೆಮ್ಮೆ. ಸಣ್ಣವನಾದದ್ದು ನಾನೊಬ್ಬನೇ. ಸಾಬರು ಊರಿಗೆ ದೊಡ್ಡವರಾದರೆ ಗುಡಿಯ ಮಾನ ಹೋಯಿತು ಎಂದು — ಯಾರೂ ಹೇಳಿಕೊಟ್ಟದ್ದಲ್ಲ, ನನಗೇ ಅನ್ನಿಸಿತು.

"ಊರು ಎರಡಾಗೋದು ಬೇಡ, ತಾಯಿನೇ ಕೇಳ್ಬಿಡೋಣ" ಎಂದೆ. ನಮ್ಮಲ್ಲಿ ವಿಗ್ರಹದ ಎರಡೂ ಭುಜಕ್ಕೆ ಒಬ್ಬೊಬ್ಬರ ಹೆಸರಲ್ಲಿ ಒದ್ದೆ ಹೂವು ಅಂಟಿಸಿ ಕಾಯುತ್ತಾರೆ. ಯಾರ ಹೂವು ಮೊದಲು ಬಿತ್ತೋ ಅವರಿಗೇ ತಾಯಿಯ ಅಪ್ಪಣೆ. ಸಾಬರು ನಕ್ಕರು.

"ಕೇಳಿ ಪೂಜಾರಪ್ಪ, ನಾನೂ ಆಕೆ ಮಗನೇ ಅಲ್ವಾ?"

ಅಷ್ಟು ನಂಬಿದ್ದರು. ನಾನೋ — ಬಲಗಡೆ ತಿಮ್ಮಯ್ಯನ ಹೂವನ್ನು ಬರೀ ನೀರಿನಲ್ಲಿ ಅಂಟಿಸಿದೆ, ಎಡಗಡೆ ಸಾಬರ ಹೂವಿಗೆ ಗಂಧ ಮೆತ್ತಿದೆ. ನೀರು ಆರಿತು, ಬಲಗಡೆಯದು ಬಿತ್ತು, ತಿಮ್ಮಯ್ಯ ಅಧ್ಯಕ್ಷನಾದ. ಸಾಬರು ಕೈಮುಗಿದು ಹೊರಟವರು ಮತ್ತೆ ಗುಡಿಯ ಕಡೆ ಸುಳಿಯಲಿಲ್ಲ. ಸೋತ ಬೇಸರ ಎಂದುಕೊಂಡೆ.

ಮುಂದಿನ ಚುನಾವಣೆಗೆ ಊರವರು ಮತ್ತೆ ಹೂವು ಕೇಳಲು ಬಂದರು. ಇನ್ನು ತಡೆಯಲಾಗಲಿಲ್ಲ. ಸಾಬರನ್ನೂ ಕರೆಸಿ, ಎಲ್ಲರ ಮುಂದೆ ನನ್ನ ಮೋಸವನ್ನು ಹೇಳಿಬಿಟ್ಟೆ. "ತಾಯಿ ಹತ್ರ ಮಳೆ ಕೇಳಿ, ಮಕ್ಕಳು ಕೇಳಿ. ಓಟು ಮಾತ್ರ ನೀವೇ ಹಾಕ್ಕೊಳ್ಳಿ" ಎಂದು ಗುಡಿಯ ಬೀಗದ ಕೈಯನ್ನು ಕೆಳಗಿಟ್ಟೆ. ತಲೆತಲಾಂತರದ ಪೂಜೆ ನಮ್ಮ ಮನೆಯಿಂದ ಹೋಯಿತು. ಹೋಗಲಿ! ಅಂದಿನಿಂದ ನಮ್ಮೂರಲ್ಲಿ ಓಟಿಗೆ ಯಾರೂ ಹೂವು ಕೇಳಿಲ್ಲ. ಅದನ್ನು ಎದೆಯುಬ್ಬಿಸಿಯೇ ಹೇಳುತ್ತೇನೆ.

ಆದರೆ ಸಾಬರು... ಅಧ್ಯಕ್ಷಗಿರಿಯ ಮಾತನ್ನೇ ಅವರು ಎತ್ತಲಿಲ್ಲ. ಗರ್ಭಗುಡಿಯ ಕಡೆ ನೋಡುತ್ತ ನಿಂತರು. ಕಣ್ಣು ತುಂಬಿತ್ತು.

"ತಾಯಿಗೆ ನಾನು ಬೇಡವಾದೆ ಅಂತ ಇಷ್ಟು ವರ್ಷ ಆಕೆ ಮೇಲೆ ಮುನಿಸ್ಕೊಂಡಿದ್ನಲ್ಲಪ್ಪಾ!"

ಆ ವರ್ಷಗಳನ್ನು ನಾನು ಅವರಿಗೆ ಹಿಂದಿರುಗಿಸಲಾರೆ.