ಸೂಜಿಗೆ ಮುಂಚಿನ ಪ್ರಶ್ನೆ

ಹಾಲು ಕಾಯಿಸಲೆಂದು ತಂದ ಸಣ್ಣ ಪಾತೇಲಿಯೊಂದು ಕಾಕಾರ ದವಾಖಾನೆಗೆ ಹೋದದ್ದು ಅಡುಗೆಮನೆಗೆ ಮರಳಲೇ ಇಲ್ಲ. ಕಾಕಾ, ಎಂದರೆ ನನ್ನ ಚಿಕ್ಕಪ್ಪ, ಹಲ್ಲಿನ ಡಾಕ್ಟರು. ದುರ್ಗದಬೈಲಿನ ಹತ್ತಿರ ನಮ್ಮ ಮನೆಯ ಮುಂದಿನ ಕೋಣೆಯೇ ಅವರ ದವಾಖಾನೆ. ಪುಣೆಯಲ್ಲಿ ರಸಾಯನಶಾಸ್ತ್ರ ಕಲಿತು ಬಂದ ನನಗೆ ಆ ಪಾತೇಲಿಯ ಉಸ್ತುವಾರಿ ದೊರೆಯಿತು: ಸೂಜಿ, ಪಿಚಕಾರಿ ಕುದಿಸುವುದು, ಕುದಿಸಿದ ಉಪ್ಪುನೀರಿನಲ್ಲಿ ಜೋಮು ಹಿಡಿಸುವ ನೋವೋಕೇನ್ ಗುಳಿಗೆ ಕರಗಿಸುವುದು, ಮದ್ದು ಮೈಯ ಬಿಸುಪಿಗೆ ಇಳಿಯಿತೇ ಎಂದು ಸೀಸೆಯನ್ನು ಮುಂಗೈಗೆ ತಾಗಿಸಿ ನೋಡುವುದು.

ಸೂಜಿ ಚುಚ್ಚುವುದು ಕೈಚಳಕವೆಂದು ನೀವು ತಿಳಿದಿರಬಹುದು. ಹತ್ತಿರ ನಿಂತು ನೋಡಿದರೆ ಅದು ಬಹುಮಟ್ಟಿಗೆ ತಡೆದುಕೊಳ್ಳುವ ವಿದ್ಯೆ. ಸೂಜಿಯನ್ನು ಬುಡದವರೆಗೆ ಇಳಿಸಬಾರದು, ಮುರಿದರೆ ಹಿಡಿದೆಳೆಯಲು ಒಂದಿಷ್ಟು ಹೊರಗಿರಬೇಕು, ಮದ್ದು ಬಿಡುವ ಮುನ್ನ ಪಿಚಕಾರಿಯ ದಂಡವನ್ನು ತುಸು ಹಿಂದಕ್ಕೆಳೆದು ರಕ್ತ ಬರುವುದೇ ಎಂದು ನೋಡಬೇಕು, ಆಮೇಲೆ ಹನಿಹನಿಯಾಗಿ. ಹಸಿದವರಿಗಂತೂ ಚುಚ್ಚಲೇಬಾರದು, ಎಚ್ಚರ ತಪ್ಪಿ ಕುತ್ತಿಗೆ ವಾಲಿದರೆ ಸೂಜಿ ಬಾಯೊಳಗೇ ಮುರಿದೀತು. ಆದ್ದರಿಂದ ಕಾಕಾ ಮೊದಲು ಕೇಳುವುದು, "ಊಟ ಆತೇನ್ರಿ?"

ಶ್ರಾವಣದ ಒಂದು ಮಧ್ಯಾಹ್ನ ಹತ್ತಿ ವ್ಯಾಪಾರಿಯೊಬ್ಬರು ಹೆಂಡತಿಯನ್ನು ಕರೆತಂದು ಕುರ್ಚಿಯಲ್ಲಿ ಕೂಡಿಸಿ ಅಂಗಡಿಗೆ ಹೋದರು. ದವಡೆ ಹಲ್ಲಿನ ನೋವಿನಿಂದ ಆಕೆ ಎಷ್ಟೋ ರಾತ್ರಿ ನಿದ್ದೆ ಕಂಡಿರಲಿಲ್ಲ. ಕಾಕಾರ ಪ್ರಶ್ನೆಗೆ ಆಕೆ "ಆತ್ರಿ" ಎಂದರು. ಪಿಚಕಾರಿಯನ್ನು ಕಾಕಾರಿಗೆ ಕೊಟ್ಟು ನಾನು ಆಕೆಯ ಕೈ ಹಿಡಿದೆ, ತಣ್ಣಗೆ ಬೆವೆತಿತ್ತು. ಹಣೆಯ ವಿಭೂತಿ ಕಂಡು, ಅಂದು ಸೋಮವಾರವೆಂಬುದು ನೆನಪಾಯಿತು.

"ಅವ್ವಾರ, ಇವತ್ತ ಏನ ಅಡಗಿ ಮಾಡಿದ್ರಿ?"

"ಶ್ರಾವಣ ಸೋಮವಾರ ಎಲ್ಲೀ ಅಡಗಿ, ಬಾಯಾರ? ಸಂಜೀ ಪೂಜಿ ಆಗೂತನಕ ನೀರಷ್ಟ."

ಕಾಕಾ ಪಿಚಕಾರಿ ಕೆಳಗಿಟ್ಟರು. "ಮತ್ತ ಊಟ ಆತು ಅಂದ್ರಲ್ಲಾ!"

"ಇಲ್ಲ ಅಂದ್ರ ಎಲಿ ಹಾಕೇ ಬಿಡ್ತೀರಿ. ಒಬ್ಬರ ಮನಿಗೆ ಬಂದು ಊಟ ಆಗಿಲ್ಲ ಅಂತ ಯಾರ ಅಂತಾರ್ರಿ?"

ಅದೂ ನಿಜವೇ. ನಮ್ಮ ಕಡೆ ಊಟ ಆಯಿತೇ ಎಂದು ಕೇಳುವವರು ಆದರದಿಂದ ಕೇಳುತ್ತಾರೆ, ಆಯಿತು ಎನ್ನುವವರು ಸಂಕೋಚದಿಂದ ಹೇಳುತ್ತಾರೆ. ಹೊಟ್ಟೆಯ ಸಂಗತಿ ಅಲ್ಲಿಗೆ ಬರುವುದೇ ಇಲ್ಲ.

"ನಾಳೆ ಉಂಡು ಬರ್ರಿ," ಎಂದರು ಕಾಕಾ.

"ನಾಳೆ ಬರೂದಿಲ್ಲರಿ. ಇಷ್ಟು ಧೈರ್ಯ ಮತ್ತ ಎಲ್ಲಿಂದ ತರಲಿ?"

ಆಕೆ ಉಪವಾಸ ಮುರಿಯಲಾರರು. ನೋವು ಹೊತ್ತುಕೊಂಡು ಹೋದರೆ ಮರಳಿ ಬರಲಾರರು. "ಹಾಲು ನಡೀತದೇನ್ರಿ?" ಎಂದೆ.

ಆಕೆ ದವಡೆಯ ಮೇಲೆ ಕೈಯಿಟ್ಟುಕೊಂಡರು. "ನಡೀತದ. ಆದ್ರ ನೀವ ಕೇಳಿದ್ರಿ ಅಂತ ಕುಡೀತೇನಿ, ಹಸಿವಿ ಆಗೇದ ಅಂತ ಅಲ್ಲ."

ಆಕೆ ಸಕ್ಕರೆ ಹಾಕಿದ ಹಾಲು ಕುಡಿದು, ಆಕೆಯ ಕೈ ಬೆಚ್ಚಗಾದ ಮೇಲೆ ಕಾಕಾ ಸೂಜಿ ಎತ್ತಿದರು. ಹಲ್ಲು ಬಂತು. ರಕ್ತ ನಿಂತು ಅರಳೆ ತೆಗೆದ ಮೇಲೆ ಆಕೆಯನ್ನು ಗೋಡೆಯ ಬದಿಯ ಬೆಂಚಿನ ಮೇಲೆ ಕೂಡಿಸಿದೆವು. ಗಂಡ ಬಂದು ನೋಡುವಾಗ ಆಕೆ ಗೋಡೆಗೆ ತಲೆಯೊರಗಿಸಿ ಕಣ್ಣು ಮುಚ್ಚಿದ್ದರು.

"ಎಚ್ಚರ ತಪ್ಪೇತೇನ್ರಿ?" ಎಂದು ಹೊಸ್ತಿಲಲ್ಲೇ ನಿಂತರು.

"ಇಲ್ಲರಿ, ನಿದ್ದಿ ಹತ್ತೇದ," ಎಂದೆ.

ಅವರು ಸದ್ದಾಗದಂತೆ ಹೊಸ್ತಿಲ ಬಳಿ ಕುಳಿತು, ಹೊರಗೆ ಅವಸರ ಮಾಡುತ್ತಿದ್ದ ಟಾಂಗಾದವನಿಗೆ ತಡಿ ಎಂದು ಕೈ ಮಾಡಿದರು.