ಕಿವಿಯಿಂದ ಪುಸ್ತಕ ತಿದ್ದುವವಳು

ಕಾಲೇಜು ಲೈಬ್ರರಿಯ ನೆಲಮಾಳಿಗೆಯಲ್ಲಿ ಅವಳ ಮೇಜು, ನನ್ನ ಮೇಜು ಎದುರುಬದುರು. ನಾನು ಬೈಂಡರ್. ಪುಸ್ತಕದ ಬೆನ್ನು ಕತ್ತರಿಸಿ ಹಾಳೆಗಳನ್ನು ಸ್ಕ್ಯಾನ್ ಮಾಡಿ ಕೊಡುವವನು. ಅದನ್ನು ಕಣ್ಣು ಕಾಣದ ವಿದ್ಯಾರ್ಥಿಗಳ ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳುವಂತೆ ಸಿದ್ಧಮಾಡುವವಳು ಅವಳು. ಚಿತ್ರ ಕಂಡಲ್ಲೆಲ್ಲ ಅದನ್ನು ಮಾತಿನಲ್ಲಿ ಬರೆಯುವುದರಿಂದ ಎಲ್ಲರಿಗೂ ಚಿತ್ರದಕ್ಕ. ನನಗಿಂತ ಹತ್ತು ವರ್ಷ ಚಿಕ್ಕವಳು. ನಾನೂ ಅಕ್ಕ ಎಂದೇ ಕರೆಯುತ್ತೇನೆ, ದಿನಾ ಬೈಸಿಕೊಳ್ಳುವವನು ನಾನಲ್ಲವೇ.

ಅವಳದೊಂದು ಹಟ. ಫೈಲು ಮುಗಿದ ಮೇಲೆ ಮಾನಿಟರ್ ಆರಿಸಿ, ಇಯರ್‌ಫೋನ್ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಮೊದಲಿಂದ ಕೊನೆಯವರೆಗೂ ಕೇಳುವಳು. ಕೇಳದ ಫೈಲು ಅವಳ ಮೇಜು ದಾಟುತ್ತಿರಲಿಲ್ಲ.

"ಮೊಸರಲ್ಲಿ ಕಲ್ಲು ಹುಡುಕ್ತೀಯಲ್ಲಕ್ಕಾ," ಎಂದು ರೇಗಿಸಿದರೆ, "ಕಲ್ಲು ನಿಮ್ಮ ಹಲ್ಲಿಗೆ ಸಿಕ್ಕಿಲ್ಲ ಅಣ್ಣಾ, ಅದಕ್ಕೇ ನಗ್ತೀರಿ," ಎನ್ನುವಳು.

ರಸಾಯನಶಾಸ್ತ್ರ ಓದುವ ಹುಡುಗಿಯೊಬ್ಬಳು ವಾರಕ್ಕೆರಡು ಸಲ ನಮ್ಮಲ್ಲಿಗೆ ಬರುತ್ತಿದ್ದಳು. ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಉಬ್ಬಕ್ಷರವನ್ನು ಬಲಗೈಯ ಮೂರು ಬೆರಳಲ್ಲಿ ಓದುವ ಅವಳ ವೇಗಕ್ಕೆ ನನ್ನ ಕನ್ನಡಕ ಹಾಕಿದ ಕಣ್ಣು ಸೋಲುತ್ತಿತ್ತು. ಅವಳನ್ನು ಪ್ರಯೋಗಾಲಯಕ್ಕೆ ಸೇರಿಸಲು ಅಲ್ಲಿನ ಮೇಷ್ಟ್ರಿಗೆ ಮನಸ್ಸಿರಲಿಲ್ಲ. "ಬೆರಳು ಸುಟ್ಕೊಂಡ್ರೆ ಆಮೇಲೆ ಯಾವುದ್ರಲ್ಲಿ ಓದ್ತೀಯಮ್ಮ?" ಎಂದಿದ್ದರು. ಮೂರು ಅರ್ಜಿ ಕೊಟ್ಟು ಒಳಗೆ ಹೋದಳು ಹುಡುಗಿ. ಮೇಷ್ಟ್ರ ಮಾತು ಕಿವಿಗೆ ಬಿದ್ದ ದಿನದಿಂದ ಅಕ್ಕ ಅವಳ ಫೈಲುಗಳನ್ನು ಎರಡೆರಡು ಸಲ ಕೇಳತೊಡಗಿದಳು.

ಅಷ್ಟರಲ್ಲಿ ಆಫೀಸಿಗೆ ಹೊಸ ತಂತ್ರಾಂಶ ಬಂತು. ಫೈಲನ್ನು ತಾನೇ ಸಿದ್ಧಪಡಿಸಿ, ತಾನೇ ಪರೀಕ್ಷಿಸಿ, ಸರಿಯಿದ್ದರೆ ಹಸಿರು ಗುರುತು ತೋರಿಸುವಂಥದ್ದು. ಹಸಿರು ಬಂದರೆ ಕಳಿಸಿಬಿಡಿ, ಕೇಳುತ್ತಾ ಕೂರಬೇಡಿ ಎಂದು ಮುಖ್ಯಸ್ಥರ ಅಪ್ಪಣೆ. ಅಕ್ಕ ಸೊಪ್ಪು ಹಾಕಲಿಲ್ಲ. ಆದರೆ ಅದೇ ವಾರ ಅವಳ ಅಮ್ಮ ಬಿದ್ದು ಸೊಂಟ ಮುರಿದುಕೊಂಡರು.

"ನಾನು ಆಸ್ಪತ್ರೆಯಿಂದ ಬರೋವರೆಗೂ ಏನನ್ನೂ ಕಳಿಸ್ಬೇಡಿ ಅಣ್ಣಾ," ಎಂದು ಹೇಳಿ ಹೋದಳು.

ನಾನು ಹೂಂ ಎಂದೆ. ಮುಖ್ಯಸ್ಥರು ದಿನಾ ಬಂದು ತಲೆ ತಿಂದರು. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಜಂಬ: ಅವಳು ಮೂರು ದಿನ ಹೆಣಗುವುದನ್ನು ನಾನು ಚಹಾ ಆರುವುದರೊಳಗೆ ಮುಗಿಸುತ್ತಿದ್ದೆ. ಹಸಿರು ಕಂಡದ್ದನ್ನೆಲ್ಲ ಕಳಿಸುತ್ತಾ ಹೋದೆ.

ಎಂಟನೆಯ ದಿನ ಅಕ್ಕ ಬಂದವಳೇ ಹುಡುಗಿಯ ಪ್ರಯೋಗದ ಕೈಪಿಡಿ ಕೇಳಲು ಕೂತಳು. ಅದರಲ್ಲಿ ಮಾಡಬೇಕಾದ ಹಂತಗಳ ನಡುನಡುವೆ ಮಾಡಬಾರದ್ದನ್ನೂ ಅಚ್ಚು ಹಾಕಿದ್ದರು. ಕೆಂಪು ಅಕ್ಷರ, ಪಕ್ಕದಲ್ಲಿ ಒಂದು ಇಂಟು ಗುರುತು. ಕಣ್ಣಿದ್ದವರಿಗೆ ಅಷ್ಟು ಸಾಕು. ಓದುವ ದನಿ ಬಣ್ಣವನ್ನು ಹೇಳುವುದಿಲ್ಲ. ಇಂಟು ಗುರುತನ್ನು ತಂತ್ರಾಂಶ ಬರೀ ಅಲಂಕಾರವೆಂದು ಬಿಟ್ಟುಬಿಟ್ಟಿತ್ತು. ಅಕ್ಕನ ಕೈಗೆ ಸಿಕ್ಕಿದ್ದರೆ ಅಂಥ ಒಂದೊಂದು ಸಾಲಿನ ಮೊದಲಿಗೂ 'ಹೀಗೆ ಮಾಡಬೇಡಿ' ಎಂದು ಸೇರಿಸುತ್ತಿದ್ದಳು.

ಇಯರ್‌ಫೋನ್ ಕಿತ್ತೆಸೆದಳು. "ಅಣ್ಣಾ, ಇದನ್ನ ಕಳಿಸಿಬಿಟ್ರಾ?"

"ಸೋಮವಾರವೇ," ಎಂದೆ.

"ಅಯ್ಯೋ, ಅವಳ ಲ್ಯಾಬ್ ಇವತ್ತು ಹತ್ತಕ್ಕೆ!"

ಆಗ ಹತ್ತೂ ಇಪ್ಪತ್ತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಆ ಬುದ್ಧಿಯನ್ನು ಹೊತ್ತುಕೊಂಡು ಅಕ್ಕನ ಹಿಂದೆಯೇ ಮೂರು ಮಹಡಿ ಓಡಿದೆ.

ಹುಡುಗಿ ನಲ್ಲಿಯ ಕೆಳಗೆ ಬಲಗೈ ಹಿಡಿದು ನಿಂತಿದ್ದಳು. ಮೂರೂ ಬೆರಳ ತುದಿ ಬೆಳ್ಳಗೆ ಬೆಂದಿದ್ದವು. "ಕಾದ ಬಟ್ಟಲಿಗೆ ಯಾರಾದ್ರೂ ಕೈ ಇಡ್ತಾರಾ? ಅದಕ್ಕೇ ಬೇಡ ಅಂದಿದ್ದೆ!" ಎಂದು ಮೇಷ್ಟ್ರು ಕೂಗಾಡುತ್ತಿದ್ದರು.

"ಪುಸ್ತಕದಲ್ಲೇ ಇತ್ತು ಸಾರ್. ಬಟ್ಟಲು ಕಾದಿದೆಯೇ ಎಂದು ಬೆರಳಿನಿಂದ ಮುಟ್ಟಿ ತಿಳಿಯಿರಿ ಅಂತ." ನಮ್ಮ ಹೆಜ್ಜೆ ಕೇಳಿ ಇತ್ತ ತಿರುಗಿದಳು. "ಚಿತ್ರದಕ್ಕಾ, ನೀವೇ ನನಗೋಸ್ಕರ ಸೇರಿಸಿದ್ದು ಅಂದ್ಕೊಂಡೆ. ಎಲ್ಲಾ ಪುಸ್ತಕದಲ್ಲೂ 'ನೋಡಿ, ನೋಡಿ' ಅಂತಾನೇ ಇರುತ್ತೆ. ಇದೊಂದೇ 'ಮುಟ್ಟಿ' ಅಂದಿದ್ದು."

ಅಕ್ಕ ಬಾಯಿಗೆ ಸೆರಗೊತ್ತಿಕೊಂಡಳು.

"ಅವಳು ಇದನ್ನ ಕೇಳೇ ಇಲ್ಲಮ್ಮ. ಕಳಿಸಿದ್ದು ನಾನು," ಎಂದೆ. ನೆಲ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು.

ಹುಡುಗಿ ಎಡಗೈಯಿಂದ ನಲ್ಲಿ ನಿಲ್ಲಿಸಿದಳು. ಆಮೇಲೆ, "ಹೀಗೆ ಇನ್ನೆಷ್ಟು ಕಳಿಸಿದ್ದೀರಿ?" ಎಂದಳು.

ನೂರಾ ನಲವತ್ತಮೂರು.

ಬೆರಳಿಗೆ ಸ್ಪರ್ಶ ಮರಳುತ್ತದೋ ಇಲ್ಲವೋ ಡಾಕ್ಟರಿಗೂ ಹೇಳಲಾಗಲಿಲ್ಲ. ಸಂಜೆಯೊಳಗೆ ನಾವಿಬ್ಬರೂ ತೊಂಬತ್ತು ಫೈಲುಗಳನ್ನು ಹಿಂದಕ್ಕೆ ತೆಗೆದೆವು. ಉಳಿದವನ್ನು ಯಾರ‍್ಯಾರೋ ಆಗಲೇ ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡು, ಹೇಳಿದ್ದನ್ನೆಲ್ಲ ನಂಬಿ ಕೇಳುತ್ತಿದ್ದರು.