ಖಾಲಿ ಬ್ಯಾರನ್ನಿಗೆ ಬರುತ್ತಿದ್ದ ಕರೆ

ನನ್ನ ಸೋಮಾರಿತನದ ಮೇಲೆ ನನಗೆ ಬಲು ಹೆಮ್ಮೆಯಿತ್ತು. ಪಿರಿಯಾಪಟ್ಟಣದ ಗೊಬ್ಬರದಂಗಡಿಯೊಂದರ ಮೇಲಿನ ಕೋಣೆಯಲ್ಲಿ ಒಬ್ಬನೇ ಕೂತು, ಹೊಗೆಸೊಪ್ಪನ್ನು ಒಲೆಯ ಕಾವಿನಲ್ಲಿ ಬೇಯಿಸಿ ಒಣಗಿಸುವ ಮನೆಗಳಿಗೆ, ಅಂದರೆ ಬ್ಯಾರನ್ನುಗಳಿಗಾಗಿ ಒಂದು ಪ್ರೋಗ್ರಾಂ ಬರೆಯುತ್ತಿದ್ದೆ. ಬ್ಯಾರನ್ನಿನೊಳಗೆ ಕಾವು ಇಳಿದರೆ ರೈತರ ಫೋನಿಗೆ ಕರೆ ಹೋಗಬೇಕು, ಅಷ್ಟೇ ಅದರ ಕೆಲಸ. ದಿನಾ ಬೆಳಿಗ್ಗೆ ಅವೇ ನಾಲ್ಕು ಕಮಾಂಡ್ ಟೈಪ್ ಮಾಡಿ ಬೇಜಾರಾಗಿ, ಎಲ್ಲವನ್ನೂ ಒಂದು ಫೈಲಿನಲ್ಲಿ ಬರೆದಿಟ್ಟೆ. ಕಂಪ್ಯೂಟರಿನಲ್ಲಿ ನನ್ನ ಕೆಲಸದ ವರ್ಕ್‌ಸ್ಪೇಸ್ ತೆರೆದ ಕೂಡಲೇ ಅವು ತಾವಾಗಿಯೇ ಓಡುತ್ತಿದ್ದವು. ಕೊನೆಯ ಕಮಾಂಡ್, ರೈತರ ಪಟ್ಟಿಯ ಮೊದಲ ನಂಬರಿಗೆ ಒಂದು ಪರೀಕ್ಷೆಯ ಕರೆ ಮಾಡುತ್ತಿತ್ತು. ಆ ಕಡೆ ಎತ್ತಿದರೆ ಪರದೆಯ ಮೇಲೆ ಹಸಿರು ಗುರುತು. ನಾನು ಟೀ ತರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ಕರೆಯಲ್ಲಿ ಮಾತಾಡುತ್ತಿದ್ದುದು ನನ್ನ ಚಿಕ್ಕಪ್ಪ. ಯಂತ್ರದ ಹೆಣ್ಣುದನಿ ಕೇಳಿದರೆ ನಮ್ಮ ಕಡೆಯವರು ಯಾವುದೋ ಕಂಪನಿ ಫೋನು ಅಂತ ಪಟ್ಟನೆ ಕಟ್ ಮಾಡುತ್ತಾರೆ. ಅದಕ್ಕೇ, ಸುತ್ತಲ ಬ್ಯಾರನ್ನಿನವರಿಗೆಲ್ಲ ಗುರುತಿದ್ದ ಅವರ ದನಿಯನ್ನು ರೆಕಾರ್ಡ್ ಮಾಡಿಕೊಂಡಿದ್ದೆ: “ಕಾವು ಇಳೀತಾ ಅದೆ ಕಣ್ರಪ್ಪ, ಬಿರ್ನೆ ಒಲೆಗೆ ಸೌದೆ ಆಕ್ರಿ.” ಪಟ್ಟಿಯ ಮೊದಲ ನಂಬರೂ ಅವರದೇ.

ಆ ವರ್ಷ ಬ್ಯಾರನ್ ಕೆಲಸ ಮುಗಿದ ವಾರವೇ, ಎದೆನೋವು ಅಂತ ಕೂತ ಚಿಕ್ಕಪ್ಪ ಮತ್ತೆ ಏಳಲಿಲ್ಲ. ಅವರ ಫೋನು ಚಿಕ್ಕಮ್ಮನ ಕೈಗೆ ಬಂತು. ತಿಥಿ ಮುಗಿಸಿ ಕೆಲಸಕ್ಕೆ ಮರಳಿದೆ, ವರ್ಕ್‌ಸ್ಪೇಸ್ ತೆರೆದೆ, ಹಸಿರು ಗುರುತು ಬಂತು, ಟೀ ಕುಡಿದೆ. ಒಂದು ತಿಂಗಳು ಹೀಗೇ ನಡೆಯಿತು. ಥೂ ನನ್ನ ಜನ್ಮಕ್ಕೆ! ತಾನಾಗಿ ಓಡುವುದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಒಂದು ಮಧ್ಯಾಹ್ನ, ಕಂಪಲಾಪುರದ ಪಕ್ಕದ ನಮ್ಮೂರಿಗೆ ಹೋದಾಗ ಚಿಕ್ಕಪ್ಪನ ಬ್ಯಾರನ್ನಿನಿಂದ ಹೊಗೆ ಏಳುತ್ತಿತ್ತು. ಹೊಲದಲ್ಲಿ ಒಂದು ಎಲೆಯಿಲ್ಲ. ಓಡಿಹೋಗಿ ನೋಡಿದರೆ ಚಿಕ್ಕಮ್ಮ ಒಲೆಯ ಬಾಯಿಗೆ ಸೌದೆ ತಳ್ಳುತ್ತಿದ್ದರು. ಬಾಗಿಲು ತೆಗೆದೆ. ಒಳಗೆ ಸೊಪ್ಪು ಕಟ್ಟುವ ಬರೀ ಕಡ್ಡಿಗಳು, ಮುಖಕ್ಕೆ ಹೊಡೆಯುವ ಬಿಸಿ.

“ಏನ್ ಚಿಕ್ಕಮ್ಮ ಇದು? ಏನ್ ಬೇಯಿಸ್ತಿದ್ದೀರಿ?”

“ನಿಮ್ ಚಿಕ್ಕಪ್ಪ ಫೋನ್ ಮಾಡಿ ಸೌದೆ ಆಕಿ ಅಂತಾರಲ್ಲ ಮಗ, ದಿನಾ ಹತ್ತೂವರೆಗೆ. ಭಾನುವಾರ ಒಂದು ಬುಟ್ಟು.”

ಭಾನುವಾರ ನಾನು ವರ್ಕ್‌ಸ್ಪೇಸ್ ತೆರೆಯುವುದಿಲ್ಲ. “ಅದು ಕಂಪ್ಯೂಟ್ರು ಚಿಕ್ಕಮ್ಮ. ನಾನು ಕೆಲಸ ಶುರು ಮಾಡಿದ್ರೆ ಫೋನ್ ತಾನಾಗೇ ಹೋಗ್ತದೆ,” ಎಂದೆ.

“ಗೊತ್ತು ಬುಡು. ನಂಗೇನ್ ತಲೆ ಕೆಟ್ಟದಾ? ಆದ್ರೂ ಅವ್ರು ಅಂದ ಮ್ಯಾಲೆ ಸುಮ್ನೆ ಕೂರಕ್ಕಾಯ್ತದಾ?”

ನನಗೆ ಭಯಕ್ಕೇ ಸಿಟ್ಟು ಬಂತು. ಒಳಗಿನ ಕಾದ ಹೊಗೆಕೊಳವೆಯ ಮೇಲೆ ಕಡ್ಡಿಗೆ ಅಂಟಿದ ಒಂದು ಒಣ ಎಲೆಯ ಚೂರು ಉದುರಿದರೆ ಸಾಕು, ಬ್ಯಾರನ್ನಿನ ಜೊತೆ ನೀವೂ ಸುಟ್ಟುಹೋಗ್ತೀರಿ ಅಂತ ಕೂಗಾಡಿದೆ. ಅವರು ಬೂದಿ ಕೈ ಸೀರೆಗೆ ಒರೆಸಿಕೊಂಡರು. ಸಂಜೆ ಪಟ್ಟಣಕ್ಕೆ ಮರಳಿದವನು ಅವರನ್ನು ಒಂದು ಮಾತೂ ಕೇಳದೆ ಆ ಕಮಾಂಡ್ ಅಳಿಸಿದೆ. ಒಂದೇ ಸಾಲು. ಚಿಕ್ಕಪ್ಪನ ಬಾಯಿಗೆ ಕೈ ಅಡ್ಡ ಹಿಡಿದೆನೇನೋ ಅನ್ನಿಸಿ ಕೂತಲ್ಲೇ ಅತ್ತುಬಿಟ್ಟೆ.

ಮರುದಿನ ಹನ್ನೊಂದು ಗಂಟೆಗೆ ನನ್ನ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ‘ಚಿಕ್ಕಪ್ಪ’ ಅಂತ ಬಂತು. ಎತ್ತಿದರೆ ಚಿಕ್ಕಮ್ಮ.

“ಇವತ್ತು ಫೋನ್ ಬರ್ಲಿಲ್ವಲ್ಲೋ.”

“ನಿಲ್ಲಿಸ್ಬಿಟ್ಟೆ ಚಿಕ್ಕಮ್ಮ.”

ಅವರು ಮೆತ್ತಗೆ, “ನೆನ್ನೆ ಅವ್ರ ಮ್ಯಾಲೆ ರೇಗ್ಬುಟ್ಟಿದ್ದೆ ಕಣೋ. ಸೌದೆ ಮುಗೀತಾ ಅದೆ, ಇನ್ನೆಲ್ಲಿಂದ ತರ್ಲಿ ಅಂತ ಬೈದು ಫೋನ್ ಇಟ್ಬುಟ್ಟೆ. ಅದ್ಕೇ ಮಾಡ್ಲಿಲ್ವೇನೋ ಅನ್ಕೊಂಡೆ,” ಎಂದರು.

“ಚಿಕ್ಕಪ್ಪನ ದನಿ ನನ್ನ ಹತ್ರ ಅದೆ ಚಿಕ್ಕಮ್ಮ. ನಿಮ್ಮ ಫೋನಿಗೇ ಹಾಕ್ಕೊಡ್ತೀನಿ, ಬೇಕಾದಾಗ ಒತ್ತಿ ಕೇಳಿ.”

“ಬ್ಯಾಡ ಬುಡು ಮಗ. ನಾನು ಒತ್ತಿದ್ರೆ ಅವ್ರು ಕರ್ದಂಗಾಯ್ತದಾ?”